ಬಿಲ್ವದೆಲೆಯಷ್ಟು ಜಾಗ

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ನನ್ನ ಸೋದರತ್ತೆ ಅಂಬಕ್ಕ. ಅವಳಿಗೆ ಸಿಟ್ಟೇ ಬರುವುದಿಲ್ಲವೆಂದು ಊರೆಲ್ಲ ಹೊಗಳುತ್ತಿತ್ತು. ಮನೆಯವರನ್ನು ಯಾರೂ ಕೇಳಿರಲಿಲ್ಲ.

ಮಲಪ್ರಭೆಯ ದಂಡೆಗೆ ಒಂದು ಆಶ್ರಮ. ಅದರ ಗುರು ದಾನಕ್ಕ. ಅಲ್ಲಿ ಎಲ್ಲರಿಗೂ ಸೇರಿ ಇದ್ದದ್ದು ಒಂದು ಹಳೆಯ ಮೋಟಾರ್‌ಸೈಕಲ್. ಅದನ್ನು ನೋಡಿಕೊಳ್ಳುವುದು ಶಿಷ್ಯೆ ಶಿವಲೀಲಳ ಕೆಲಸ. ಅಪ್ಪನ ಗ್ಯಾರೇಜಿನಲ್ಲಿ ಬೆಳೆದವಳು.

ಎಂಜಿನ್ನಿನಲ್ಲಿ ಎಣ್ಣೆ ಇಲ್ಲ, ಗಾಡಿ ಮುಟ್ಟಬೇಡಿ ಎಂದು ಅವಳು ಹೇಳಿದ್ದರೂ ಹಿರಿಯ ಶಿಷ್ಯ ಚನ್ನಬಸಯ್ಯ ಪೇಟೆಗೆ ಓಡಿಸಿದ. ಅರ್ಧ ದಾರಿಗೆ ಎಂಜಿನ್ ಹಿಡಿದುಕೊಂಡು ಗಾಡಿ ನಿಂತಿತು. ತಳ್ಳಿಕೊಂಡು ಬಂದವನು ಊಟದ ಪಂಕ್ತಿಯಲ್ಲಿ ಎಲ್ಲರೆದುರು ಹೇಳಿದ:

"ಈಕಿ ಬಿಚ್ಚಿ ಬಿಚ್ಚಿ ಹಾಳ ಮಾಡ್ಯಾಳ."

ದಾನಕ್ಕ ಅಲ್ಲೇ ಇದ್ದರು. ರೊಟ್ಟಿಗಷ್ಟೇ ಬಾಯಿ ತೆರೆದರು.

ಶಿವಲೀಲ ಚೀಲ ಕಟ್ಟಿದಳು.

"ಹೊಂಟೇನ್ರಿ, ಅಕ್ಕಾರ."

"ಹೋಗು. ಗಾಡಿ ಎಬ್ಬಿಸಿಟ್ಟು ಹೋಗು."

"ಹಾಳ ಮಾಡಿದವರು ಎಬ್ಬಸಲಿ."

"ಹಂಗ ಹೋದರ ಅಂವ ಅಂದದ್ದ ಖರೇ ಆಕ್ಕೈತಿ."

ಆ ಮಾತಿಗೆ ಅವಳ ಮೈ ಉರಿಯಿತು. ಚೀಲವನ್ನು ಬಾಗಿಲಲ್ಲೇ ಬಿಟ್ಟು ಎಂಜಿನ್ ಬಿಚ್ಚಿದಳು.

ಎಂಜಿನ್ನಿನೊಳಗಿನ ಕ್ರ್ಯಾಂಕ್ ಎಂದರೆ ಎರಡು ಭಾರದ ಚಕ್ರ, ನಡುವೆ ಒಂದು ಪಿನ್ನು. ಆ ಪಿನ್ನಿನ ಮೇಲೆ, ಪಿಸ್ಟನ್ನಿಗೆ ಸೇರುವ ರಾಡು ತಿರುಗಬೇಕು. ಎಣ್ಣೆಯಿಲ್ಲದೆ ಪಿನ್ನು ಸುಟ್ಟು ನೀಲಿಯಾಗಿತ್ತು. ಚಕ್ರಗಳನ್ನು ಬಿಡಿಸಿ, ಹೊಸ ಪಿನ್ನು, ಹೊಸ ಬೇರಿಂಗು ಹಾಕಿ, ಚಕ್ರಗಳನ್ನು ಮತ್ತೆ ಕೂಡಿಸಲು ಜಾಕಿಗೆ ಕೊಟ್ಟು ಒತ್ತಿದಳು. ಹಲ್ಲು ಕಚ್ಚಿ ಒತ್ತಿದಳು. ಸಾಕಾದ ಮೇಲೂ ಒತ್ತಿದಳು.

ರಾಡು ಅಲುಗಲಿಲ್ಲ.

"ಸಾಮಾನ ಖೊಟ್ಟಿ ಅದಾವ್ರಿ," ಎಂದು ಸ್ಪ್ಯಾನರ್ ಎಸೆದಳು.

ದಾನಕ್ಕ ಪೂಜೆಯ ಬುಟ್ಟಿಯಿಂದ ಒಂದು ಬಿಲ್ವದೆಲೆ ತಂದರು. ರಾಡಿಗೂ ಚಕ್ರಕ್ಕೂ ನಡುವೆ ತೂರಿಸಲು ನೋಡಿದರು. ಎಲೆ ಮಡಚಿಕೊಂಡಿತು.

"ಒಂದು ಪತ್ರಿಗೆ ಜಾಗ ಇಲ್ಲ. ಎಣ್ಣಿ ಎಲ್ಲಿಂದ ಹೋಗಬೇಕು? ನೀ ಪಿನ್ ಬಿಗದಿಯೋ, ಚನ್ನಬಸಯ್ಯನ ಕಪಾಳಕ್ಕ ಬಿಗದಿಯೋ?"

ಎಷ್ಟು ತಡೆದರೂ ಶಿವಲೀಲಳಿಗೆ ನಗು ಬಂತು. ನಗು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಸಿಟ್ಟು ಬಿಡು ಅಂತೀರೇನ್ರಿ?"

"ಬಿಟ್ಟರ ಒತ್ತಾವರು ಯಾರು? ಚಕ್ರದಾಗ ಪಿನ್ ಬಿಗೀನ ಇರಬೇಕು. ರಾಡ್ ಅಷ್ಟ ಆಡಬೇಕು."

ಮತ್ತೆ ಬಿಡಿಸಿದಳು. ಈ ಸಲ ನಡುವೆ ಹೊಸ ಎಲೆಯಿಟ್ಟು ಒತ್ತಿದಳು. ಎಲೆ ಹರಿಯದೆ ಹೊರಗೆ ಬರುವಲ್ಲಿಗೆ ಕೈ ತಡೆದಳು. ಚಕ್ರಗಳು ಓರೆಯಾಗಿಲ್ಲವೆಂದು ತಿರುಗಿಸಿ ನೋಡಿದಳು. ಬೆರಳು ತಾಕಿದರೆ ಸಾಕು, ರಾಡು ತೂಗುತ್ತಿತ್ತು. ಎಂಜಿನ್ ಜೋಡಿಸಿ, ಎಣ್ಣೆ ತುಂಬಿ, ಕಿಕ್ ಹೊಡೆದಳು. ಗಾಡಿ ಎದ್ದಿತು.

ಸದ್ದಿಗೆ ಚನ್ನಬಸಯ್ಯ ಬಂದ.

"ಆತೇನು? ಕೀಲಿಕೈ ಕೊಡು."

ಶಿವಲೀಲ ಕೈ ಒರೆಸಿಕೊಂಡಳು. ದನಿ ಏರಿಸಲಿಲ್ಲ.

"ಎಣ್ಣಿ ಇಲ್ಲ ಅಂತ ಹೇಳಿದ್ದೆ, ನೀವು ಕೇಳಲಿಲ್ಲ. ತಪ್ಪು ನನ್ನ ಮ್ಯಾಲ ಹಾಕಿದ್ರಿ. ಯಾ ಪಂಕ್ತ್ಯಾಗ ಸುಳ್ಳ ಹೇಳಿದ್ರೋ ಅದ ಪಂಕ್ತ್ಯಾಗ ಖರೇ ಹೇಳ್ರಿ. ಅಲ್ಲೀತನಕ ಕೀಲಿಕೈ ನನ್ನ ಹಂತೇಕ ಇರತೈತಿ."

"ಊರಿಗೆ ಹೋಗಾಕಿಗೆ ಕೀಲಿಕೈ ಯಾಕ?"

"ಹೋಗೂದಿಲ್ಲ."

ಆಮೇಲೆ ಗುರುವಿನ ಕಡೆ ತಿರುಗಿದಳು. "ಅವತ್ತು ನೀವೂ ಸುಮ್ಮನ ಕುಂತಿದ್ರಿ, ಅಕ್ಕಾರ."

ಚನ್ನಬಸಯ್ಯನ ಮುಖ ಕೆಂಪಾಯಿತು. "ಕೇಳಿದ್ರೇನ್ರಿ? ಈಗ ನಿಮಗೂ ಅಂದ್ಲು. ಈಕೀಗೆ ಒಂದು ಮಾತು ಹೇಳ್ರಿ."

ದಾನಕ್ಕ ನೆಲದಿಂದ ಬಿಲ್ವದೆಲೆಯನ್ನು ಎತ್ತಿ, ಎಣ್ಣೆ ಸಮೇತ ಅವನ ಅಂಗೈಯಲ್ಲಿಟ್ಟರು.

"ಊಟದ ಗಂಟಿ ಹೊಡಿ, ಎಲ್ಲಾರೂ ಬರಲಿ. ಮೊದಲ ನೀ ಹೇಳು, ಆಮ್ಯಾಲ ಸುಮ್ಮನ ಕುಂತಿದ್ದ ನಾ ಹೇಳತೇನಿ. ಕೇಳಿದವರು ಕೇಳದವರಿಗೆ ಹೇಳಲಿ."