ಹಗ್ಗ ಹಿಡಿದವನ ಮೌನ

"ಗುರುಗಳೇ, ಕಷ್ಟದಲ್ಲಿ ಎಷ್ಟು ಕೂಗಿದರೂ ಓಗೊಡದ ದೇವರು ನಮ್ಮನ್ನು ಕಾಯುತ್ತಾನೆಂದು ನಂಬುವುದು ಹೇಗೆ?"

ಹೀಗೆ ಕೇಳಿದ ಶಿಷ್ಯನ ತಾಯಿ ಊರಿನಲ್ಲಿ ಜ್ವರ ಬಂದು ಮಲಗಿದ್ದಳು. ಉಳಿಯುವುದು ಅನುಮಾನ ಎಂದು ವೈದ್ಯರು ಹೇಳಿಹೋಗಿದ್ದರು. ಅಂದಿನಿಂದ ಅವನು ಪೂಜೆಗೆ ಕೂರುವುದನ್ನೇ ಬಿಟ್ಟಿದ್ದ. ಗುರುಗಳು ಗದರಲಿಲ್ಲ. ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಕಾಡಂಚಿನ ಹಾಡಿಯಲ್ಲಿ ಜೇನು ಕೀಳುವವನೊಬ್ಬನಿದ್ದ. ಹೆಜ್ಜೇನು ಕಟ್ಟುವುದು ಕಡಿದಾದ ಬಂಡೆಗೆ. ಬಳ್ಳಿಯ ಏಣಿ ಇಳಿಬಿಟ್ಟು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿಯಬೇಕು. ಮೇಲೆ ನಿಂತು ಆ ಹಗ್ಗ ಹಿಡಿಯುವವನು ಹೆಂಡತಿಯ ಅಣ್ಣನೋ ತಮ್ಮನೋ ಆಗಿರಬೇಕೆಂಬುದು ಆ ಜನರ ಕಟ್ಟಳೆ. ಸ್ವಂತ ಅಣ್ಣತಮ್ಮಂದಿರ ಮೇಲೂ ಅವರಿಗೆ ಅಷ್ಟು ನಂಬಿಕೆಯಿಲ್ಲ. ಒಡಹುಟ್ಟಿದವಳು ಗಂಡನನ್ನು ಕಳೆದುಕೊಳ್ಳಲೆಂದು ಯಾರು ತಾನೇ ಕೈ ಸಡಿಲಿಸುತ್ತಾರೆ?

ಇವನ ಹಗ್ಗ ಹಿಡಿಯುತ್ತಿದ್ದವನು ಭಾವಮೈದ ಬೊಮ್ಮ. ಆದರೆ ಹಿಂದಿನ ದಿನವಷ್ಟೇ ಜೇನಿನವನು ಸಿಟ್ಟಿನ ಭರದಲ್ಲಿ ಹೆಂಡತಿಯ ಮೇಲೆ ಕೈಮಾಡಿದ್ದ. ಅಕ್ಕನ ಊದಿದ ಕೆನ್ನೆಯನ್ನು ಬೊಮ್ಮ ನೋಡಿದ್ದ. ಬೆಳಿಗ್ಗೆ ಬಂಡೆಯವರೆಗೂ ಜೊತೆಯಲ್ಲೇ ಬಂದ, ಒಂದು ಮಾತೂ ಆಡಲಿಲ್ಲ.

ಜೇನಿನವನು ಇಳಿದು ಹೊಗೆ ಹಾಕಿದ. ಗಾಳಿ ತಿರುಗಿ ಹೊಗೆ ಚದುರಿತು. ಹುಳಗಳು ಒಮ್ಮೆಗೇ ಎದ್ದವು. ಕಚ್ಚಿದ ಉರಿಗೆ ಕಾಲು ಏಣಿಯಿಂದ ಜಾರಿತು. ಅಂಗೈಯಗಲದ ಕಲ್ಲಂಚಿನ ಮೇಲೆ ಹೇಗೋ ಕಾಲೂರಿ, ಬಂಡೆಗೆ ಅಂಟಿ ನಿಂತ. ಕೆಳಗೆ ನೋಡಲು ಧೈರ್ಯ ಸಾಲಲಿಲ್ಲ.

"ಬೊಮ್ಮಾ! ಇದ್ದೀಯೇನೋ?" ಎಂದು ಕೂಗಿದ. ಮೇಲಿನಿಂದ ಸದ್ದಿಲ್ಲ. "ತಪ್ಪಾಯ್ತು ಕಣೋ, ಒಂದ್ಸಲ ಓ ಅನ್ನೋ!" ಎಂದು ಅತ್ತ. ಅದಕ್ಕೂ ಸದ್ದಿಲ್ಲ.

ಬೊಮ್ಮ ಅಕ್ಕನ ಸೇಡು ತೀರಿಸಿಕೊಂಡ, ಹಗ್ಗವನ್ನು ಮರಕ್ಕೆ ಸುತ್ತಿ ಹೊರಟೇಹೋದ ಎಂದುಕೊಂಡ ಜೇನಿನವನು. ಹೋಗಿದ್ದರೆ ತಪ್ಪೇನು ಎಂದೂ ಅನ್ನಿಸಿ ಇನ್ನಷ್ಟು ಹೆದರಿದ. ಸ್ವಲ್ಪ ಆಚೆಗೆ ಬಂಡೆಯಲ್ಲೊಂದು ಬಿರುಕು ಕಂಡಿತು. ಅದರೊಳಗೆ ನುಸುಳಿಕೊಂಡರೆ ಹುಳಗಳಿಂದ ಪಾರಾಗಬಹುದಿತ್ತು. ಹಗ್ಗ ಅಷ್ಟು ದೂರ ಬರುವಂತಿರಲಿಲ್ಲ. ಸಡಿಲ ಬಿಡಲೆಂದು ಜಗ್ಗಿ ಜಗ್ಗಿ ನೋಡಿದ. ಹಗ್ಗ ಒಂದು ಗೇಣೂ ಜಗ್ಗಲಿಲ್ಲ. ಕಾಯಬೇಕಾದ ಹಗ್ಗವೇ ತನ್ನನ್ನು ಕಟ್ಟಿಹಾಕಿ ಕೊಲ್ಲುತ್ತಿದೆ ಅನ್ನಿಸಿತು. ಸೊಂಟದ ಗಂಟು ಬಿಚ್ಚತೊಡಗಿದ.

ಒಂದು ಸುತ್ತು ಬಿಚ್ಚಿತು. ಇನ್ನೊಂದಕ್ಕೆ ಕೈಹಾಕುವಷ್ಟರಲ್ಲಿ ಕಾಲಡಿಯ ಕಲ್ಲು ಕಳಚಿಕೊಂಡಿತು. ಬಿರುಕಿನವರೆಗಿನ ಅಂಚೆಲ್ಲ ಅದರ ಜೊತೆಗೇ ಕಣಿವೆಗೆ ಉದುರಿತು. ಅವನು ಉದುರಲಿಲ್ಲ. ಉಳಿದ ಸುತ್ತನ್ನು ಎರಡೂ ಕೈಯಿಂದ ಅವುಚಿಕೊಂಡು, ಉಸಿರು ಬಿಗಿಹಿಡಿದು ನೇತಾಡಿದ.

ಹುಳಗಳು ತಣ್ಣಗಾದ ಮೇಲೆ ಹೇಗೋ ಏಣಿ ಸಿಕ್ಕಿತು. ಅವನು ಏರಿದಂತೆಲ್ಲ ಹಗ್ಗವೂ ಮೇಲಕ್ಕೆ ಸರಿಯುತ್ತಿತ್ತು. ಮೇಲೆ ಬಂದು ನೋಡುತ್ತಾನೆ, ಬೊಮ್ಮ ಮರದ ಬೇರಿಗೆ ಕಾಲೊತ್ತಿ ಕೂತಿದ್ದಾನೆ. ಹುಳಗಳು ಅವನನ್ನೂ ಬಿಟ್ಟಿರಲಿಲ್ಲ. ಮುಖ ಊದಿ ಕಣ್ಣು ಮುಚ್ಚಿಹೋಗಿದ್ದವು, ಅಂಗೈ ಸುಲಿದುಹೋಗಿತ್ತು.

"ಅಷ್ಟು ಕೂಗಿದೆ, ಯಾಕೋ ಓ ಅನ್ನಲಿಲ್ಲ?"

"ಬಾಯಿ ಬಿಟ್ಟಿದ್ರೆ ಹುಳ ಗಂಟಲಿಗೆ ಹೋಗೋದು, ಭಾವ. ಆಮೇಲೆ ಹಗ್ಗ ಹಿಡಿಯೋರು ಯಾರು?"

ಜೇನಿನವನು ಅವನ ಕಾಲು ಹಿಡಿದುಕೊಂಡು ಮಗುವಿನಂತೆ ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಹಾಗಾದರೆ ಅಮ್ಮನಿಗಾಗಿ ನಾನು ಇನ್ನು ಕೂಗುವುದೇ ಬೇಡವೇ?" ಎಂದ.

"ಗಂಟಲು ಕಟ್ಟುವವರೆಗೂ ಕೂಗಪ್ಪ, ಗಂಟನ್ನು ಮಾತ್ರ ಬಿಚ್ಚಬೇಡ."