ಅಂಚಿಗೆ ಬಂದ ಸಾಲು

“ಒಂದು ತಪ್ಪು ಮಾಡಿದೆ. ಯಾರ ಕಣ್ಣಿಗೂ ಬೀಳುವ ಮೊದಲೇ ತಿದ್ದಿಬಿಟ್ಟೆ. ಇನ್ನು ಅದನ್ನು ಬಾಯಿಬಿಟ್ಟು ಹೇಳಲೇಬೇಕೆ, ಗುರುಗಳೇ?” ಎಂದು ಕಂಪ್ಯೂಟರ್ ಕೆಲಸ ಕಲಿಯುತ್ತಿದ್ದ ಶಿಷ್ಯ ಕೇಳಿದ. ಗುರುಗಳು ಕತೆ ಹೇಳಿದರು.

ಒಂದು ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ನೌಕರನೊಬ್ಬನಿದ್ದ. ರೋಗಿ ಮಂಚದ ಪಕ್ಕದ ಗುಂಡಿ ಒತ್ತಿದರೆ ಯಾವ ವಾರ್ಡಿನ ನರ್ಸಿಗೆ ಗಂಟೆ ಕೇಳಬೇಕು ಎಂಬುದೆಲ್ಲ ಒಂದು ಫೈಲಿನಲ್ಲಿತ್ತು. ವಾರ್ಡಿನ ಹೆಸರು ಎಡ ಅಂಚಿನಲ್ಲಿ. ಅದರ ಮಂಚಗಳು ಕೆಳಗೆ, ನಾಲ್ಕು ಸ್ಪೇಸ್ ಖಾಲಿ ಬಿಟ್ಟು ಒಳಗೆ. ಒಳಗಿದ್ದರೆ ಆ ವಾರ್ಡಿನದು, ಅಂಚಿಗೆ ಬಂದರೆ ಯಾರದೂ ಅಲ್ಲ.

ಗಂಡಸರ ವಾರ್ಡಿಗೆ ಹೊಸ ಮಂಚ ಬಂತು. ಫೈಲ್ ತೆರೆದು ಟೈಪ್ ಮಾಡಿದರೆ ಈ ಪುಣ್ಯಾತ್ಮನ ಘನತೆಗೆ ಕುಂದು! ತೆರೆಯದೆಯೇ ತಿದ್ದುವ ಸೆಡ್ ಎಂಬ ಕಮಾಂಡಿಗೆ, ಕೊನೆಯ ಮಂಚದ ಕೆಳಗೆ ಈ ಸಾಲು ಸೇರಿಸು ಎಂದ. ಅದು ಸಾಲನ್ನು ಸೇರಿಸಿತು, ಸಾಲಿನ ಮೊದಲಿಗಿದ್ದ ನಾಲ್ಕು ಸ್ಪೇಸ್ ನುಂಗಿಹಾಕಿತು. ತಪ್ಪೆಂದು ಸೊಲ್ಲೆತ್ತಲಿಲ್ಲ. ಸೊಲ್ಲಿಲ್ಲವೆಂದರೆ ಸರಿಯಿದೆ ಎಂದುಕೊಂಡು ಆತ ಫೈಲನ್ನು ತಿರುಗಿಯೂ ನೋಡಲಿಲ್ಲ.

ಆ ಮಂಚಕ್ಕೆ ಸೊಂಟ ಮುರಿದ ಅಜ್ಜನೊಬ್ಬ ಬಂದ. ಎರಡು ದಿನ ಗುಂಡಿ ಒತ್ತಿದ. ಯಾರೂ ಬರಲಿಲ್ಲ. ಪಾಪ, ಹಾಸಿಗೆಯಲ್ಲೇ ಒದ್ದೆ ಮಾಡಿಕೊಂಡ. ದೂರು ಬಂದ ಮೇಲೆ ನೌಕರ ಹೋಗಿ, ತಾನೇ ಗುಂಡಿ ಒತ್ತಿ ಅದರ ದೀಪ ಹತ್ತಿದ್ದನ್ನು ನೋಡಿ, ವಾರ್ಡಿನ ಎಲ್ಲರೆದುರು ಹೇಳಿದ: “ಎಲ್ಲ ಸರಿಯಿದೆ ಅಜ್ಜಾ. ನೀವೇ ಗಟ್ಟಿಯಾಗಿ ಒತ್ತುತ್ತಿಲ್ಲ.”

“ಇರಬಹುದಪ್ಪಾ, ಕೈಯಲ್ಲಿ ಕಸುವಿಲ್ಲ” ಎಂದು ಅಜ್ಜ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ಕೋಣೆಗೆ ಮರಳಿ, ಯಾವುದಕ್ಕೂ ಇರಲಿ ಎಂದು ನೌಕರ ಫೈಲ್ ತೆರೆದ. ಹೊಸ ಸಾಲು ಅಂಚಿಗೆ ಅಂಟಿಕೊಂಡಿತ್ತು. ಛೀ, ಎಂಥ ಮಾತಾಡಿ ಬಂದೆ! ನಾಚಿಕೆಯಿಂದ ಹಿಡಿಯಷ್ಟಾದ. ಹೋಗಿ ಹೇಳಿಬಿಡಬೇಕು ಎಂದು ಎದ್ದವನು, ಎಲ್ಲರ ಮುಖ ನೆನಪಾಗಿ ಮತ್ತೆ ಕೂತ. ಸದ್ದಿಲ್ಲದೆ ನಾಲ್ಕು ಸ್ಪೇಸ್ ಹಾಕಿದ.

ಮರುದಿನ ಅಜ್ಜನೇ ಅವನನ್ನು ಕರೆದ. “ನೀನು ಹೇಳಿದ್ದು ನಿಜ ಮಗಾ. ಬಲ ಹಾಕಿ ಒತ್ತಿದೆ, ಓಡಿ ಬಂದರು. ಸುಮ್ಮನೆ ನಿನ್ನ ಮೇಲೆ ದೂರು ಹೇಳಿದೆ, ಬೇಜಾರು ಮಾಡ್ಕೋಬೇಡ.” ನೌಕರ ಹೂಂ ಎಂದು ತಲೆ ತಗ್ಗಿಸಿಕೊಂಡು ಹೊರಟುಹೋದ.

ಶಿಷ್ಯ, “ಗಂಟೆಯಂತೂ ಕೇಳಿಸಿತಲ್ಲ, ಗುರುಗಳೇ. ಫೈಲೂ ಸರಿಯಾಯಿತು” ಎಂದ.

ಗುರುಗಳೆಂದರು: “ಸರಿಯಾಯಿತು, ಆ ಅಜ್ಜ ಮಾತ್ರ ಇವತ್ತಿಗೂ ಎರಡೂ ಹೆಬ್ಬೆರಳು ಸೇರಿಸಿ, ಹಲ್ಲು ಕಚ್ಚಿ ಒತ್ತುತ್ತಾನೆ.”