ಅಪ್ಪಚ್ಚಿಯಾಗದ ನಿಂಬೆಹಣ್ಣು

ಟ್ರೇಲರ್ ಕಟ್ಟಿಕೊಂಡು ಊರೂರು ಸುತ್ತುವ ಆಸೆ ಒಂದು ಪಿಕಪ್ ಗಾಡಿಗೆ ಹುಟ್ಟಿತು. ಟ್ರೇಲರ್ ಮಾರುವ ಅಂಗಳಕ್ಕೆ ಹೋಗಿ, ಎಲ್ಲಕ್ಕಿಂತ ದೊಡ್ಡದರ ಮುಂದೆ ನಿಂತು, "ನಿಮ್ಮ ತೂಕವೆಷ್ಟು?" ಎಂದು ಕೇಳಿತು.

"ಖಾಲಿ ಇದ್ದಾಗ ನಾನು ಹೂವಿನಷ್ಟು ಹಗುರ," ಎಂದಿತು ದೊಡ್ಡ ಟ್ರೇಲರ್.

"ಖಾಲಿ ಟ್ರೇಲರ್ ಕಟ್ಟಿಕೊಂಡು ಯಾರು ತಿರುಗುತ್ತಾರೆ? ಹೇರಿದ ಮೇಲಿನ ತೂಕ ಕೇಳಿ," ಎಂದಿತು ಮೂಲೆಯಲ್ಲಿದ್ದ ಚಿಕ್ಕ ಟ್ರೇಲರ್. ಪಿಕಪ್ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ದೊಡ್ಡದನ್ನು ಕೊಕ್ಕೆಗೆ ಸಿಕ್ಕಿಸಿ, ಎರಡು ಬೈಕು, ಮಂಚ, ತೊಟ್ಟಿ ತುಂಬ ನೀರು ಹೇರಿದ್ದಾಯಿತು. ಹೊಸ ಗಾಡಿಯ ಪೂಜೆ ಮಾಡಿ, ಪಿಕಪ್ಪಿನ ಚಕ್ರಕ್ಕೊಂದು ನಿಂಬೆಹಣ್ಣು ಇಟ್ಟದ್ದೂ ಆಯಿತು. ಪಿಕಪ್ ತುಸು ಮುಂದೆ ಸರಿಯಿತು. ಹಿಂದಿನ ಚಕ್ರದಡಿಯ ಹಣ್ಣುಗಳು ಅಪ್ಪಚ್ಚಿಯಾದವು. ಮುಂದಿನವು ಇಟ್ಟ ಹಾಗೇ ಇದ್ದವು.

"ನೋಡಿದಿರಾ ನನ್ನ ದಯೆ," ಎಂದಿತು ಪಿಕಪ್.

"ದಯೆ ಅಲ್ಲ ಸ್ವಾಮಿ," ಎಂದಿತು ಮುಂದಿನ ಒಂದು ನಿಂಬೆಹಣ್ಣು. "ಹಿಂದಿನ ಭಾರಕ್ಕೆ ನಿಮ್ಮ ಮುಂಗಾಲು ನೆಲ ಬಿಟ್ಟಿದೆ. ತಿರುವು ಬಂದರೆ ಏನು ಮಾಡುತ್ತೀರಿ?"

"ಪೂಜೆಯ ಹಣ್ಣು ಪೂಜೆಯ ಹಣ್ಣಿನ ಹಾಗಿರಬೇಕು," ಎಂದು ಪಿಕಪ್ ಮೂತಿ ಮೇಲೆತ್ತಿಕೊಂಡೇ ಹೊರಟಿತು. ಹಣ್ಣು ಪಕ್ಕಕ್ಕೆ ಉರುಳಿ ದಾರಿ ಬಿಟ್ಟಿತು.

ಕೆರೆಯ ಬಳಿ ರಸ್ತೆ ತಿರುಗಿತು, ಪಿಕಪ್ ತಿರುಗಲಿಲ್ಲ.

ದೊಡ್ಡ ಟ್ರೇಲರನ್ನು ಕೆರೆಯಲ್ಲೇ ಬಿಟ್ಟು, ಮೈತುಂಬ ಕೆಸರು ಮೆತ್ತಿಕೊಂಡು ಪಿಕಪ್ ಅಂಗಳಕ್ಕೆ ಮರಳಿತು. ಚಿಕ್ಕದಕ್ಕೆ ಒಂದೇ ಬೈಕು ಹೇರಿಸಿ ಕಟ್ಟಿಕೊಂಡಿತು. ಆಮೇಲೆ ಅದೇ ನಿಂಬೆಹಣ್ಣನ್ನು ಕರೆದು, "ನೀವು ಹೇಳಿದ್ದೇ ಸರಿ. ಈ ಸಲ ನನ್ನ ಮುಂಗಾಲು ನೆಲದ ಮೇಲಿದೆಯೇ ಎಂದು ನೀವೇ ಹೇಳಬೇಕು," ಎಂದು ಮರ್ಯಾದೆಯಿಂದ ಮುಂದಿನ ಚಕ್ರದಡಿ ಕೂರಿಸಿ, ಮುಂದೆ ಸರಿಯಿತು.

"ಇದೆ," ಎಂದಿತು ನಿಂಬೆಹಣ್ಣು. ಅದೇ ಅದರ ಕೊನೆಯ ಮಾತು.